ನೆಲುವು ಹೋತು, ಭರಣಿ ಒಡೀತು

ಹೋದ ವಾರ ನಮ್ಮ ಮನ್ಯಾಗ ಆಯಿಯ ಉಪ್ಪಿನಕಾಯಿ ಭರಣಿ ಒಡೀತು. ಆಲಮಟ್ಟಿ ಹಿನ್ನೀರಿಗೆ ಹಳೇ ಮನಿ ಬಿಟ್ಟು ಬರುವಾಗ ಆಯಿ ಅದನ್ನ ಹಳೇ ಇಳಕಲ್ ಸೀರ್ಯಾಗ ಸುತ್ತಿ, ಚಕ್ಕಡ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ಬಂದಿದ್ಲು. ಆಯಿ ಈಗ ಇಲ್ಲ. ಆ ಭರಣಿ ಕಲ್ಲಿನ ಶೆಲ್ಫ್ ಮ್ಯಾಲಿತ್ತು, ಬೆಕ್ಕು ಒಂದ ಜಿಗಿತಕ್ಕೆ ಕೆಡವಿತು. ಮಗ ಸಿಟ್ಟಿಗೆದ್ದು, "ಇದನ್ನ ಚೀಲದಾಗ ಹಾಕಿ ಹೊಳಿ ಆಚೆ ಬಿಟ್ಟು ಬರ್ತೀನಪ್ಪಾ" ಅಂದ. ತಡಿಯೋ ಅಂದೆ. ತಪ್ಪು ಬೆಕ್ಕಿಂದೋ, ನಾವು ಕಟ್ಟಿದ ಮನೀದೋ ಅಂತ ವಿಚಾರ ಹತ್ತಿತು.

ಬೆಕ್ಕು ಮನುಷ್ಯನ ಹತ್ರ ಬಂದದ್ದ ಕಾಳಿನ ಸಲುವಾಗಿ. ಕಾಳು ಕೂಡಿಟ್ಟಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಹಿರಿಯರು ಬಿಳಿಜೋಳ ಹಗೇವಿನ್ಯಾಗ ತುಂಬಿದ್ರೂ, ದಿನಬಳಕಿ ಕಾಳು, ಬೂದಿ ಕಲಿಸಿದ ಬೀಜ ಮನಿಯೊಳಗ ಗಡಿಗ್ಯಾಗ ಇರ್ತಿದ್ವು. ಕಾಯಾಕ ಬೆಕ್ಕು ಬೇಕು, ಆದ್ರ ಗಡಿಗಿ ಒಡಿಯೋದೂ ಅದ. ಈ ತಂಟೆ ಇಂದಿನದಲ್ಲ. ಸಿಂಧ್ ಪ್ರಾಂತ್ಯದ ಚನ್ಹುದಾರೋದಲ್ಲಿ 1935-36ರಲ್ಲಿ ಅಗೆದಾಗ ಸಿಂಧೂ ನಾಗರಿಕತೆಯ ಒಂದು ಇಟ್ಟಂಗಿ ಸಿಕ್ತು. ಹಸಿ ಇದ್ದಾಗ ಅದರ ಮ್ಯಾಲೆ ಬೆಕ್ಕು ಓಡಿತ್ತು, ಹಿಂದಿಂದ ನಾಯಿ. ಹೆಜ್ಜಿ ಗುರುತು ಹಂಗ ಉಳದಾವ.

ನಮ್ಮ ಹಿರಿಯರು ಬೆಕ್ಕಿಗೆ ಬುದ್ಧಿ ಕಲಸಾಕ ಹೋಗಲಿಲ್ಲ, ಗಡಿಗಿ ಜಾಗ ಬದಲಿಸಿದ್ರು. ಅಡಕಲ ಗಡಿಗಿ ಮೂಲ್ಯಾಗ, ಸಿಂಬಿ ಮ್ಯಾಲೆ. ಹಾಲು, ಬೆಣ್ಣಿ ಮಾತ್ರ ಜಂತಿಯಿಂದ ಇಳಿಬಿಟ್ಟ ನೆಲುವಿನ್ಯಾಗ. ಇದಕ್ಕ ಸಂಸ್ಕೃತದಾಗ ಶಿಕ್ಯ, ಮರಾಠಿಯೊಳಗ ಶಿಂಕೆ ಅಂತಾರ. ಬಾದಾಮಿಯ ಮೂರನೇ ಗುಹೆ 578ರಲ್ಲಿ ಮಂಗಳೇಶ ಮಾಡಿಸಿದ್ದು, ಅಲ್ಲಿಯ ಪಟ್ಟಿಕೆಗಳಲ್ಲಿ ಕೃಷ್ಣನ ಕಥೆಗಳೂ ಅದಾವ. ಭಾಗವತದಾಗ ಅದೇ ಕೃಷ್ಣ ತೂಗಹಾಕಿದ ಗಡಿಗಿ ಎಟಕಲಿಲ್ಲಂತ ಒರಳು ಹತ್ತತಾನ. ಬೆಕ್ಕಿಗೆ ಒರಳು ಉರುಳಸಾಕ ಬರೂದಿಲ್ಲ, ಅಷ್ಟ ನಮ್ಮ ಪುಣ್ಯ!

ನೆಲುವಿನ ಗುಟ್ಟು ಬರೇ ಎತ್ತರ ಅಲ್ಲ. ಬೆಕ್ಕು ಜಿಗಿಯೋ ಮೊದಲು ಇಳಿಯೋ ಜಾಗ ನೋಡ್ತೈತಿ, ಅದು ಗಟ್ಟಿ ಇರಬೇಕು. ನೆಲುವು ತೂಗಾಡತೈತಿ, ಗ್ವಾಡಿಯಿಂದ ದೂರ ಇರತೈತಿ, ಕಾಲೂರಾಕ ಜಾಗ ಇಲ್ಲ.

ಅಣೆಕಟ್ಟಿನ ನೀರು 519.6 ಮೀಟರ್ ಮಟ್ಟಕ್ಕ ನಿಲ್ಲುವಂಗ ಆದಾಗ ಬಾಗಲಕೋಟೆಯ ತಗ್ಗಿನ ಓಣಿಗಳು, ಹೊಳಿ ದಂಡಿ ಊರುಗಳು ಹೋದ್ವು. ನಾವು ಪುನರ್ವಸತಿ ಕೇಂದ್ರಕ್ಕ ಬಂದ್ವಿ. ಮುಳುಗದ ಹುನಗುಂದ ಕಡೀ ಊರಾಗೂ ಮಾಳಿಗಿ ಇಳಿಸಿ ಸ್ಲ್ಯಾಬ್ ಹಾಕಿಸಿದ್ರು. ಮಳಿಗೆ ಸೋರೂದು ನಿಂತಿತು, ಖರೇ. ಆದ್ರ ತೊಲಿ, ಜಂತಿ ಹೋದ್ವು, ಅವುಗಳ ಜೋಡಿ ನೆಲುವೂ ಹೋತು. ಭರಣಿ ನುಣುಪಾದ ಕಲ್ಲಿನ ಅಂಚಿಗೆ ಬಂತು. ನಾವ ಬೆಕ್ಕಿಗೆ ಮೆಟ್ಟಲಾ ಕಟ್ಟಿ ಕೊಟ್ಟಂಗಾತು.

ನಿನ್ನೆ ಸ್ಲ್ಯಾಬಿಗೆ ತೂತು ಹಾಕಿಸಿ ಕೊಂಡಿ ಕೂಡಿಸಿದೆ. ಬದುವಿನ ಪುಂಡಿ ನಾರಿನಿಂದ ನೆಲುವು ಹೆಣಿಯೋದು ಅವ್ವಗ ಇನ್ನೂ ನೆನಪೈತಿ, ಮಗನ್ನ ಬಾಜೂಕ ಕುಂದರಿಸಿಕೊಂಡು ಹೆಣದಳು. ಸೌತಿ ಬೀಜದ ಗಡಿಗಿ ಈಗ ಅದರಾಗೈತಿ. ಬೆಕ್ಕು ಕೆಳಗ ಕುಂತು ನೋಡ್ತೈತಿ. ಭರಣಿಯ ಚೂರು ಮಾತ್ರ ಆಯಿಯ ಸೀರ್ಯಾಗ ಕಟ್ಟಿಟ್ಟೇನಿ, ಒಗಿಯಾಕ ಮನಸ್ಸಾಗಲಿಲ್ಲ.

ಮನಿ ಕಟ್ಟಸಾಕತ್ತಿದ್ರ ಸ್ಲ್ಯಾಬ್ ಹಾಕೋ ಮೊದಲ ಅಡಗಿ ಮನ್ಯಾಗ ಎರಡು ಕಬ್ಬಿಣದ ಕೊಂಡಿ ಬಿಡಸ್ರಿ. ನೆಲುವು ಹೆಣಿಯಾಕ ಬರೋ ಹಿರಿಯರು ಮನ್ಯಾಗ ಇದ್ರ, ಇವತ್ತ ಕೇಳಿ ಕಲೀರಿ.