ಬಾಡಿಗೆಯ ಮನೆ, ಸ್ವಂತದ ಹೆಸರು

ಹತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದವರ ವಿಳಾಸ ಊರಿಗೆಲ್ಲ ತಿಳಿದಿರುತ್ತದೆ. ಅವರು ಮನೆ ಬಿಟ್ಟ ಮೇಲೂ ಅವರನ್ನು ಹುಡುಕಿಕೊಂಡು ಜನ ಹಳೆಯ ಬಾಗಿಲಿಗೇ ಬರುತ್ತಾರೆ. ಆಗ ಮನೆಯ ಯಜಮಾನನು ಬಿಟ್ಟುಹೋದವರ ಹೆಸರಿನ ಹಲಗೆಯನ್ನು ಹಾಗೆಯೇ ಉಳಿಸಿಕೊಂಡು ತನ್ನ ವ್ಯಾಪಾರ ನಡೆಸಿದರೆ? ಗಣಕಯಂತ್ರದ ಈಚಿನ ಇತಿಹಾಸದಲ್ಲಿ ಇಂಥದೊಂದು ಪ್ರಸಂಗ ನಡೆದಿದೆ.

ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ತರುಣರು, ಚಿತ್ರಗಳನ್ನು ತಿದ್ದಲು ನೆರವಾಗುವ ‘ಗಿಂಪ್’ ಎಂಬ ತಂತ್ರಾಂಶವನ್ನು ರಚಿಸಿ 1996ರಲ್ಲಿ ಲೋಕಕ್ಕೆ ಕೊಟ್ಟರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅವರಿಬ್ಬರೂ ಬೇರೆ ಕೆಲಸಗಳಿಗೆ ಹೋದ ಮೇಲೆ ನಾನಾ ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದರು.

ಇಂಥ ಬಳಗಗಳಿಗೆ ಹಣವಿಲ್ಲ. ಆದರೆ ಕಡತಗಳನ್ನಿಡಲು, ಜನರಿಗೆ ಹಂಚಲು ಒಂದು ನೆಲೆ ಬೇಕು. 1999ರಲ್ಲಿ ವಿಎ ಲಿನಕ್ಸ್ ಎಂಬ ಕಂಪನಿಯು ‘ಸೋರ್ಸ್‌ಫೋರ್ಜ್’ ತಾಣವನ್ನು ತೆರೆದು ಆ ನೆಲೆಯನ್ನು ಉಚಿತವಾಗಿ ಒದಗಿಸಿತು. ಸಾವಿರಾರು ಬಳಗಗಳು ಅಲ್ಲಿ ಬಿಡಾರ ಹೂಡಿದವು. ಗಿಂಪಿನ ವಿಂಡೋಸ್ ಪ್ರತಿಯೂ ಅಲ್ಲಿಂದಲೇ ಹಂಚಿಕೆಯಾಗುತ್ತಿತ್ತು.

ಧರ್ಮಛತ್ರಕ್ಕೂ ಖರ್ಚುಂಟು. ಕಾಲಕ್ರಮದಲ್ಲಿ ತಾಣದ ಒಡೆತನ ಬದಲಾಯಿತು. ತಂತ್ರಾಂಶವನ್ನು ಇಳಿಸಿಕೊಳ್ಳುವ ಗುಂಡಿಯನ್ನೇ ಹೋಲುವ ಜಾಹೀರಾತುಗಳು ಕಾಣಿಸಿಕೊಂಡವು. 2013ರಲ್ಲಿ, ಬೇಡಿದ ವಸ್ತುವಿನ ಜೊತೆಗೆ ಬೇಡದ ಸರಕನ್ನೂ ಮುಂದೊಡ್ಡುವ ಏರ್ಪಾಟು ಬಂದಿತು. ಅದೇ ನವೆಂಬರಿನಲ್ಲಿ ಗಿಂಪ್ ಬಳಗದವರು ಅಲ್ಲಿಂದ ಹೊರಟು, ತಮ್ಮ ಸ್ವಂತ ತಾಣದಿಂದಲೇ ಹಂಚತೊಡಗಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರ ಮೇ ತಿಂಗಳಲ್ಲಿ ಸಂಗತಿ ಬಯಲಾಯಿತು: ಹಳೆಯ ಖಾತೆ ಪಾಳುಬಿದ್ದಿದೆಯೆಂದು ಸೋರ್ಸ್‌ಫೋರ್ಜ್ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು, ಗಿಂಪಿಗೆ ಜಾಹೀರಾತಿನ ಹೊದಿಕೆ ಹೊದಿಸಿ ಹಂಚುತ್ತಿತ್ತು. ಬಳಗ ಪ್ರತಿಭಟಿಸಿತು. ಕೆಲವೇ ದಿನಗಳಲ್ಲಿ ತಾಣ ಹಿಂದೆ ಸರಿಯಿತು. 2016ರಲ್ಲಿ ಬಂದ ಹೊಸ ಒಡೆಯರು ಆ ಏರ್ಪಾಟನ್ನೇ ರದ್ದುಗೊಳಿಸಿದರು.

ಇಲ್ಲಿ ಕದ್ದದ್ದಾದರೂ ಏನು? ಮೂಲಬರಹವನ್ನು ಹಂಚುವ ಹಕ್ಕನ್ನು ಗಿಂಪಿನ ಪರವಾನಗಿಯೇ ಎಲ್ಲರಿಗೂ ಕೊಟ್ಟಿತ್ತು. ನಷ್ಟವಾದದ್ದು ಬೇರೆ: ಹೆಸರನ್ನು ನಂಬಿ ಬಂದವರ ವಿಶ್ವಾಸ.

ಬರಹದ ರಕ್ಷಣೆ ಈಗ ಸುಲಭ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರಚಿಸಿದ ‘ಗಿಟ್’ ಪದ್ಧತಿಯಲ್ಲಿ, ಪ್ರತಿ ತೆಗೆದುಕೊಂಡ ಒಬ್ಬೊಬ್ಬರ ಬಳಿಯೂ ಬರಹದ ಇತಿಹಾಸವೆಲ್ಲ ಇರುತ್ತದೆ. ಆ ಪದ್ಧತಿಯನ್ನೇ ನೆಚ್ಚಿ 2008ರಲ್ಲಿ ‘ಗಿಟ್‌ಹಬ್’ ಬಂದಿತು. ಆದರೆ ಬಳಕೆದಾರರ ದೂರುಗಳು, ಅವುಗಳ ಮೇಲಿನ ಚರ್ಚೆ, ಜನರ ಬಾಯಲ್ಲಿ ನೆಲೆಸಿದ ವಿಳಾಸ—ಇವು ಆ ಗಂಟಿನಲ್ಲಿ ಬರುವುದಿಲ್ಲ, ತಾಣದಲ್ಲಿಯೇ ಉಳಿಯುತ್ತವೆ. ತಾಣಗಳೋ ಸ್ಥಿರವಲ್ಲ. ಗೂಗಲ್ ಸಂಸ್ಥೆ 2006ರಲ್ಲಿ ತೆರೆದ ಇಂಥದೇ ನೆಲೆಯನ್ನು 2016ರಲ್ಲಿ ಮುಚ್ಚಿತು. ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರುಗಳಿಗೆ ಕೊಂಡಿತು.

ಅದೇ ವರ್ಷ ಗಿಂಪಿನ ಕೆಲಸವು ಅದರ ಬಂಧುಬಳಗವಾದ ‘ಗ್ನೋಮ್’ ತಾನೇ ನಡೆಸುವ ನೆಲೆಗೆ ಬಂದಿತು. ಗಿಟ್‌ಹಬ್ಬಿನಲ್ಲಿರುವುದು ಅದರ ಪಡಿಯಚ್ಚು ಮಾತ್ರ. ದೊಡ್ಡ ಪೇಟೆಯಲ್ಲಿ ಮಳಿಗೆ ಇರಲಿ, ತಪ್ಪಿಲ್ಲ. ಜನ ಅಲ್ಲಿಗೇ ಬರುತ್ತಾರೆ. ಆದರೆ ಹೆಸರಿನ ಹಲಗೆ ಮತ್ತು ಬೀಗದಕೈ ದುಡಿಯುವವರ ಕೈಯಲ್ಲಿರಬೇಕು. ಮಳಿಗೆ ಬಿಡುವ ದಿನ ಹಲಗೆಯನ್ನು ಕಳಚಿಕೊಂಡು ಹೋಗುವುದನ್ನೂ ಮರೆಯಬಾರದು.