ಹಳೆಯ ಗಣಕಕ್ಕೆ ತಂತಿಯಿಲ್ಲದ ನಂಟು

ಮನೆಯ ಗೋಡೆಗೆ ತಗುಲಿಸಿದ ವೈ-ಫೈ ಪೆಟ್ಟಿಗೆಯನ್ನು ಹೊಸ ಕಾಲದ ಲಾಂಛನವೆಂದು ಎಣಿಸುವುದು ನಮಗೆಲ್ಲ ರೂಢಿಯಾಗಿದೆ. ಅಟ್ಟದಿಂದ ಇಳಿಸಿ ಧೂಳು ಒರೆಸಿದ ಹಳೆಯ ಗಣಕಯಂತ್ರವೊಂದು ಆ ಪೆಟ್ಟಿಗೆಯ ಕರೆಗೆ ಓಗೊಡದೆ ಕುಳಿತಾಗ, ಇದು ಹಳತು, ಅದು ಹೊಸತು, ಇವೆರಡಕ್ಕೂ ಋಣಾನುಬಂಧವಿಲ್ಲವೆಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆದರೆ ನಿಸ್ತಂತು ಜಾಲದ ಪೂರ್ವೋತ್ತರವನ್ನು ಕೊಂಚ ಕೆದಕಿ ನೋಡಿದವರಿಗೆ ಸಂಗತಿಯು ತದ್ವಿರುದ್ಧವಾಗಿ ತೋರುವುದು. ರೇಡಿಯೋ ಎಂದರೇನೆಂದು ಅರಿಯದ, ಆಗಲೇ ಹಳತಾಗಿದ್ದ ಯಂತ್ರಗಳನ್ನು ಜಾಲಕ್ಕೆ ಸೇರಿಸಬೇಕೆಂಬ ಹಂಬಲದಿಂದಲೇ ಈ ವಿದ್ಯೆ ಹುಟ್ಟಿತು. ಹಳೆಯ ಯಂತ್ರಕ್ಕೆ ಪ್ರವೇಶ ನಿಷಿದ್ಧವಾದದ್ದು ಬಹಳ ಈಚಿನ ಕಥೆ, ಅದಕ್ಕೆ ಕಾರಣವೂ ಬೇರೆ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಹೋದ್ಯೋಗಿಗಳು ಅಲೋಹಾನೆಟ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ವಿಶ್ವವಿದ್ಯಾಲಯದ ದೊಡ್ಡ ಗಣಕವಿದ್ದದ್ದು ಓಹು ದ್ವೀಪದಲ್ಲಿ. ಅದನ್ನು ಬಳಸಬೇಕಾದವರು ಸಮುದ್ರದಾಚೆಯ ಬೇರೆ ಬೇರೆ ದ್ವೀಪಗಳಲ್ಲಿದ್ದರು. ನಡುವಿನ ದೂರವಾಣಿ ತಂತಿಯಾದರೋ ದುಬಾರಿ, ಸಾಲದುದಕ್ಕೆ ನಂಬಿಕೆಗೆ ಅರ್ಹವಲ್ಲದ್ದು. ಅವರ ಬಳಿಯಿದ್ದ ಟರ್ಮಿನಲ್‌ಗಳು ಸಾಧಾರಣ ಬೆರಳಚ್ಚು ಬಗೆಯವು, ತಂತಿಯ ಮೂಲಕ ಅಕ್ಷರಗಳನ್ನು ಒಂದೊಂದಾಗಿ ಉರುಳಿಸುವುದಕ್ಕಿಂತ ಹೆಚ್ಚಿನದೇನನ್ನೂ ಬಲ್ಲವಲ್ಲ. ಅಬ್ರಾಮ್ಸನ್ನರ ತಂಡ ಆ ಟರ್ಮಿನಲ್‌ಗಳನ್ನು ಬದಲಿಸುವ ಗೋಜಿಗೆ ಹೋಗದೆ ಪ್ರತಿಯೊಂದರ ಪಕ್ಕಕ್ಕೆ ಒಂದು ಪೆಟ್ಟಿಗೆಯನ್ನಿರಿಸಿತು. ಆ ಪೆಟ್ಟಿಗೆಯು ಟರ್ಮಿನಲ್ ಕೊಟ್ಟ ಅಕ್ಷರಗಳನ್ನು, ಹೆಚ್ಚೆಂದರೆ 80ರವರೆಗೆ, ಕೂಡಿಟ್ಟುಕೊಂಡು, ಒಂದು ಕಟ್ಟು ಮಾಡಿ, ರೇಡಿಯೋ ತರಂಗದ ಮೇಲೆ ತೇಲಿಬಿಡುತ್ತಿತ್ತು. ತಲುಪಿತೆಂಬ ಉತ್ತರ ಬಾರದಿದ್ದರೆ ಇನ್ನೊಬ್ಬರ ಕಟ್ಟಿಗೆ ಢಿಕ್ಕಿ ಹೊಡೆದು ನಾಶವಾಗಿರಬೇಕೆಂದು ಊಹಿಸಿ, ಲೆಕ್ಕವಿಲ್ಲದ ಯಾವುದೋ ಒಂದು ಕ್ಷಣ ತಡೆದು, ಮತ್ತೆ ಕಳುಹಿಸುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರೂ ಮನಬಂದಾಗ ಮಾತನಾಡುವ ಈ ಪದ್ಧತಿಯಲ್ಲಿ ಮಾರ್ಗದ ಸಾಮರ್ಥ್ಯದ ಶೇಕಡಾ 18ರಷ್ಟು ಮಾತ್ರವೇ ಸಫಲವಾಗಬಲ್ಲದೆಂದು ಗಣಿತ ಹೇಳುತ್ತದೆ. ಅಷ್ಟೇ ಸಾಕಾಗಿತ್ತು. ಮೂಗಯಂತ್ರದ ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ದುಭಾಷಿಯೊಬ್ಬನನ್ನು ಕೂರಿಸುವ ಆ ಉಪಾಯ ಇಂದಿನವರೆಗೂ ಸವೆದಿಲ್ಲ.

ಮುಂದಿನ ಹೆಜ್ಜೆ ವಿಜ್ಞಾನಿಯದಲ್ಲ, ಸರಕಾರಿ ಕಚೇರಿಯದು. ಕೈಗಾರಿಕೆ, ವಿಜ್ಞಾನ, ವೈದ್ಯಕೀಯಗಳ ಉಪಕರಣಗಳಿಗೆಂದು ಬಿಟ್ಟುಕೊಟ್ಟಿದ್ದ ಕೆಲವು ತರಂಗಪಟ್ಟಿಗಳಿದ್ದುವು. ಅಡುಗೆಮನೆಯ ಮೈಕ್ರೋವೇವ್ ಒಲೆಯು ಅನ್ನವನ್ನು ಬಿಸಿಮಾಡುವುದು ಅಂಥದೊಂದು ಪಟ್ಟಿಯಲ್ಲಿಯೇ, 2450 ಮೆಗಾಹರ್ಟ್ಸ್‌ನಲ್ಲಿ. ಸಂದೇಶ ಕಳುಹಿಸಲು ಯೋಗ್ಯವಲ್ಲದ ಕಸದ ಬಯಲೆಂದು ಎಲ್ಲರೂ ಕೈಬಿಟ್ಟಿದ್ದ ಆ ಪಟ್ಟಿಗಳನ್ನು, ಮೈಕೇಲ್ ಮಾರ್ಕಸ್ ಎಂಬ ಎಂಜಿನಿಯರರ ಪಟ್ಟುಬಿಡದ ಪ್ರಯತ್ನದ ಫಲವಾಗಿ, 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗವು ಲೈಸೆನ್ಸಿಲ್ಲದ ಬಳಕೆಗೆ ತೆರೆಯಿತು. ಮುಖ್ಯ ಷರತ್ತು ಇದು: ಸಂದೇಶವನ್ನು ಒಂದೇ ಗೆರೆಯ ಮೇಲೆ ಕಳುಹಿಸದೆ ಪಟ್ಟಿಯ ಉದ್ದಗಲಕ್ಕೆ ಹರಡಿ ಕಳುಹಿಸಬೇಕು. ಈ ಹರಡುವಿಕೆಯ ಪ್ರಸ್ತಾಪ ಬಂದಲ್ಲೆಲ್ಲ ಚಿತ್ರನಟಿ ಹೆಡಿ ಲಮಾರ್ ಅವರ ಹೆಸರು ಬಂದೇ ಬರುತ್ತದೆ. ಆಕೆಯೂ ಸಂಗೀತಗಾರ ಜಾರ್ಜ್ ಆಂಥೈಲರೂ 1942ರಲ್ಲಿ ಪೇಟೆಂಟ್ ಪಡೆದದ್ದು ನಿಜ, ನೀರಿನೊಳಗಿನ ಟಾರ್ಪೆಡೊವನ್ನು ಶತ್ರುವಿನ ಕೈಗೆ ಸಿಕ್ಕದಂತೆ ನಡೆಸಲು ಪಿಯಾನೊದ ಮನೆಗಳಷ್ಟೇ, ಎಂದರೆ 88, ಆವರ್ತನಗಳ ನಡುವೆ ಜಿಗಿಯುವ ಯುಕ್ತಿಯೊಂದನ್ನು ಅವರು ಹೂಡಿದ್ದೂ ನಿಜ. ಆದರೆ ಇಂದಿನ ವೈ-ಫೈಗೆ ಆಕೆಯೇ ಜನನಿಯೆನ್ನುವುದು ಪುರಾಣಪ್ರಿಯರ ಅತಿಶಯೋಕ್ತಿಯೆಂದೇ ನನ್ನ ಮತ.

ಆ ಬಯಲಿನಲ್ಲಿ ಮೊದಮೊದಲಿಗೆ ಫಸಲು ತೆಗೆದವರ ಸಾಲಿನಲ್ಲಿದ್ದವರು ಅಂಗಡಿಗಳಿಗೆ ಹಣದೆಣಿಕೆಯ ಯಂತ್ರಗಳನ್ನು ಮಾರುತ್ತಿದ್ದ ಎನ್‌ಸಿಆರ್ ಸಂಸ್ಥೆಯವರು. ದೊಡ್ಡ ಮಳಿಗೆಗಳಲ್ಲಿ ಸರಕಿನ ವಿನ್ಯಾಸ ಬದಲಾದಂತೆಲ್ಲ ಹಣ ಕಟ್ಟುವ ಕಟಕಟೆಗಳೂ ಸ್ಥಾನಪಲ್ಲಟಗೊಳ್ಳುವುವು, ಪ್ರತಿ ಸಲವೂ ನೆಲ ಅಗೆದು ತಂತಿ ಹೂಳುವುದು ವ್ಯಾಪಾರಿಗೆ ದಂಡ. ಯಂತ್ರವನ್ನು ಇದ್ದಂತೆಯೇ ಉಳಿಸಿಕೊಂಡು ತಂತಿಯನ್ನು ಮಾತ್ರ ಕಿತ್ತೊಗೆಯಲಾದೀತೇ ಎಂಬ ಪ್ರಶ್ನೆಗೆ ನೆದರ್ಲೆಂಡ್ಸಿನ ಅವರ ಎಂಜಿನಿಯರುಗಳು ಕೊಟ್ಟ ಉತ್ತರವೇ ವೇವ್‌ಲ್ಯಾನ್. ಅಲ್ಲಿದ್ದ ವಿಕ್ ಹೇಯ್ಸ್ 1990ರಿಂದ ಹತ್ತು ವರ್ಷಗಳ ಕಾಲ ವೈ-ಫೈಯ ನಿಯಮ ರೂಪಿಸುವ 802.11 ಎಂಬ ಸಂಖ್ಯೆಯ ಸಮಿತಿಯ ಅಧ್ಯಕ್ಷರಾಗಿ, ಪರಸ್ಪರ ಸ್ಪರ್ಧಿಗಳಾದ ತಯಾರಕರನ್ನು ಒಂದೇ ಮೇಜಿನ ಸುತ್ತ ಕೂರಿಸಿ, 1997ರಲ್ಲಿ ಸರ್ವಸಮ್ಮತವಾದ ನಿಯಮವೊಂದನ್ನು ಹೊರತಂದರು. ಸರ್ವಸಮ್ಮತವೆಂದರೂ ಒಂದೇ ಪುಸ್ತಕದೊಳಗೆ ಮೂರು ಬೇರೆ ಬೇರೆ ಪದ್ಧತಿಗಳಿದ್ದುವು, ಒಂದನ್ನರಿತ ಯಂತ್ರಕ್ಕೆ ಇನ್ನೊಂದು ತಿಳಿಯದು. ವೇಗವೋ ಸೆಕೆಂಡಿಗೆ ಒಂದು ಅಥವಾ ಎರಡು ಮೆಗಾಬಿಟ್. 1999ರಲ್ಲಿ 11 ಮೆಗಾಬಿಟ್ಟಿನ 802.11ಬಿ ಬಂದ ಮೇಲೆಯೇ ಮನೆಯವರು ಅತ್ತ ಕಣ್ಣು ಹಾಯಿಸಿದ್ದು. ಅದೇ ವರ್ಷದ ಜುಲೈನಲ್ಲಿ ಸ್ಟೀವ್ ಜಾಬ್ಸ್ ನ್ಯೂಯಾರ್ಕಿನ ವೇದಿಕೆಯ ಮೇಲೆ ಐಬುಕ್ಕನ್ನು ಕೈಯಲ್ಲೆತ್ತಿಕೊಂಡು ನಡೆದಾಡುತ್ತ, ಜಾದೂಗಾರರ ರೀತಿಯಲ್ಲಿ ಅದರ ಸುತ್ತ ಬಳೆಯೊಂದನ್ನು ಹಾಯಿಸಿ, ತಂತಿಯೆಲ್ಲಿಯೂ ಇಲ್ಲವೆಂದು ಸಭಿಕರಿಗೆ ಮನದಟ್ಟು ಮಾಡಿಕೊಟ್ಟರು. 99 ಡಾಲರಿನ ಆ ಏರ್‌ಪೋರ್ಟ್ ಕಾರ್ಡಿನ ಒಳಗಿದ್ದದ್ದು ಅಂಗಡಿಯ ಕಟಕಟೆಗಾಗಿ ಹುಟ್ಟಿದ ವೇವ್‌ಲ್ಯಾನಿನ ಕುಲಸಂತಾನವೇ. ಎನ್‌ಸಿಆರ್‌ನಿಂದ ಎಟಿ ಆ್ಯಂಡ್ ಟಿಗೂ ಅಲ್ಲಿಂದ ಲೂಸೆಂಟಿಗೂ ಕೈಬದಲಾಗಿ ಅದು ಅಲ್ಲಿಗೆ ಬಂದು ಸೇರಿತ್ತು.

ಆ ಹೊತ್ತಿಗೆ ಜಗತ್ತಿನಲ್ಲಿದ್ದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ರೇಡಿಯೋ ಇಲ್ಲದೆ ಹುಟ್ಟಿದಂಥವು. ಅವುಗಳ ಪಾಲಿಗೆ ಒದಗಿದ್ದು ಪಕ್ಕೆಯಲ್ಲಿದ್ದ ಒಂದು ಸೀಳು: 1990ರಲ್ಲಿ ನೆನಪಿನ ಕಾರ್ಡುಗಳಿಗೆಂದು ರೂಪಿಸಿ, ಬಳಿಕ ಮೋಡೆಮ್ಮಿಗೂ ಜಾಲಕ್ಕೂ ಬಳಕೆಯಾದ ಪಿಸಿ ಕಾರ್ಡಿನ ಕಿಂಡಿ. ಅದರೊಳಗೆ ದೂಡುವ ವೈ-ಫೈ ಕಾರ್ಡು ಲೋಹದ ತಗಡಿನ ಮೈಯ, ಐದು ಮಿಲಿಮೀಟರ್ ದಪ್ಪದ ವಸ್ತು. ಒಂದು ತುದಿಯಲ್ಲಿ 68 ಸೂಜಿಗಳು ಹೊಗುವ ಎರಡು ಸಾಲು ರಂಧ್ರ, ಇನ್ನೊಂದು ತುದಿಯಲ್ಲಿ ಕಿಂಡಿಯಿಂದ ಹೊರಗೆ ಚಾಚಿಕೊಳ್ಳುವ ಕರಿಯ ಪ್ಲಾಸ್ಟಿಕ್ಕಿನ ಮೂತಿ, ಅದರೊಳಗೆ ಆಂಟೆನಾ. ಇಂಥ ಎರಡು ಕಾರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದರ ಸೂಜಿರಂಧ್ರಗಳ ಬಳಿ ಹೊಂಬಣ್ಣದ ಪಟ್ಟಿಯೂ ಅದರ ಮೇಲೆ ಸಾಲಾಗಿ ಸಣ್ಣ ಗುಬುಟುಗಳೂ ಕಾಣಿಸುವುವು, ಇನ್ನೊಂದು ನುಣುಪಾಗಿರುವುದು. ಗುಬುಟಿನದು 32 ಬಿಟ್ಟಿನ, 3.3 ವೋಲ್ಟಿನ ಕಾರ್ಡ್‌ಬಸ್. ನುಣುಪಿನದು ಹಳೆಯ 16 ಬಿಟ್ಟಿನದು. ಹೊಸ ಕಿಂಡಿ ಎರಡನ್ನೂ ಒಪ್ಪುತ್ತದೆ, ಹಳೆಯ ಕಿಂಡಿಯೋ ಗುಬುಟಿನ ಕಾರ್ಡನ್ನು ಅರ್ಧದಲ್ಲಿಯೇ ತಡೆದು ನಿಲ್ಲಿಸುತ್ತದೆ. 2003ರಲ್ಲಿ ಬಂದ 54 ಮೆಗಾಬಿಟ್ಟಿನ 802.11ಜಿ ಕಾರ್ಡುಗಳು ಬಹುಮಟ್ಟಿಗೆ ಗುಬುಟಿನ ಜಾತಿಯವು. ಹೀಗಾಗಿ 1990ರ ದಶಕದ ಮೊದಲ ಭಾಗದ ಲ್ಯಾಪ್‌ಟಾಪಿನ ಭವಿತವ್ಯವು 11 ಮೆಗಾಬಿಟ್ಟಿನ ಕಾರ್ಡಿಗೇ ಮುಡಿಪಾಯಿತು.

ವೇಗ ಕಡಿಮೆಯಾದರೆ ಸಹಿಸಿಕೊಳ್ಳಬಹುದು, ಕಾಯುವುದಷ್ಟೇ ಕಷ್ಟ. ಹಳೆಯ ಯಂತ್ರವನ್ನು ನಿಜಕ್ಕೂ ಬೀದಿಪಾಲು ಮಾಡಿದ್ದು ಬೀಗ. 1997ರ ನಿಯಮದೊಂದಿಗೆ ಬಂದ ವೆಪ್ ಎಂಬ ಗೂಢಲಿಪಿಯಲ್ಲಿ ಕೀಲಿಯ ಉದ್ದ 40 ಬಿಟ್, ಪ್ರತಿ ಕಟ್ಟಿಗೂ ಬದಲಾಗಬೇಕಾದ ಸಂಖ್ಯೆ 24 ಬಿಟ್. ಜನಸಂದಣಿಯ ಜಾಲದಲ್ಲಿ ಈ 24 ಬಿಟ್ಟಿನ ಸಂಖ್ಯೆಗಳು ಕೆಲವೇ ಗಂಟೆಗಳಲ್ಲಿ ಮುಗಿದು ಮತ್ತೆ ಮೊದಲಿನಿಂದ ಬರತೊಡಗುವುವು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು, ಗಾಳಿಯಲ್ಲಿ ಹಾರುವ ಕಟ್ಟುಗಳನ್ನು ಸಾಕಷ್ಟು ಸಂಗ್ರಹಿಸಿದರೆ ಕೀಲಿಯನ್ನೇ ಕಂಡುಹಿಡಿಯಬಹುದೆಂದು ಸಾಧಿಸಿ ತೋರಿಸಿದ ಮೇಲೆ, ಸಮಿತಿಯವರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಭದ್ರವಾದ ಹೊಸ ಬೀಗವನ್ನು ತಯಾರಿಸುವುದು ಅವರಿಗೆ ತಿಳಿಯದ ವಿದ್ಯೆಯೇನೂ ಆಗಿರಲಿಲ್ಲ. ಆದರೆ ಅದನ್ನು ತಿರುಗಿಸುವ ಶಕ್ತಿ ಆಗಲೇ ಮಾರಾಟವಾಗಿ ಮನೆಮನೆ ಸೇರಿದ್ದ ಕಾರ್ಡುಗಳಿಗೆ ಇರಲಿಲ್ಲ. ಅವುಗಳನ್ನೆಲ್ಲ ಎಸೆದುಬಿಡಿರೆಂದು ಹೇಳುವ ಬದಲು ಅವರು ಮಾಡಿದ ಕೆಲಸ, ನನ್ನ ದೃಷ್ಟಿಯಲ್ಲಿ, ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮಾನವೀಯವಾದದ್ದು. ಹಳೆಯ ಕಾರ್ಡಿನ ಬಡಪಾಯಿ ಪ್ರೊಸೆಸರ್ ಎಷ್ಟು ಲೆಕ್ಕವನ್ನು ಮಾಡಬಲ್ಲುದೆಂದು ಅಳೆದು, ಆ ಅಳತೆಗೆ ತಕ್ಕಂತೆ ಟಿಕಿಪ್ ಎಂಬ ಮಧ್ಯಂತರ ಬೀಗವನ್ನು ಹೊಲಿದುಕೊಟ್ಟರು. ಕಾರ್ಡಿನ ಒಳತಂತ್ರಾಂಶವನ್ನಷ್ಟೇ ಬದಲಿಸಿದರೆ ಸಾಕಾಗಿತ್ತು. ಸಂದೇಶವನ್ನು ಯಾರೂ ತಿದ್ದಿಲ್ಲವೆಂದು ಪರೀಕ್ಷಿಸಲು ನೀಲ್ಸ್ ಫರ್ಗುಸನ್ ರಚಿಸಿದ ಮೈಕೇಲ್ ಎಂಬ ವಿಧಾನ ಬೇಕೆಂದೇ ಹಗುರವಾದದ್ದು, ಆದುದರಿಂದ ದುರ್ಬಲವಾದದ್ದು; ಆ ದೌರ್ಬಲ್ಯವನ್ನು ಬಲ್ಲವರಾದ ಕಾರಣ, ಒಂದು ನಿಮಿಷದೊಳಗೆ ಎರಡು ಖೋಟಾ ಕಟ್ಟುಗಳು ಕಂಡರೆ ಜಾಲವೇ ಒಂದು ನಿಮಿಷ ಬಾಗಿಲು ಹಾಕಿಕೊಳ್ಳಬೇಕೆಂಬ ವಿಚಿತ್ರ ನಿಯಮವನ್ನೂ ಸೇರಿಸಿದರು. 2003ರಲ್ಲಿ ಇದು ಡಬ್ಲ್ಯುಪಿಎ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. ಮರುವರ್ಷವೇ ಬಂದ ಡಬ್ಲ್ಯುಪಿಎ2 ಆ ದಯೆಯನ್ನು ತೋರಲಿಲ್ಲ. 2006ರ ಮಾರ್ಚಿನಿಂದ ವೈ-ಫೈ ಮುದ್ರೆ ಬಯಸುವ ಹೊಸ ಉಪಕರಣಗಳಿಗೆಲ್ಲ ಅದು ಕಡ್ಡಾಯವಾಯಿತು. ಸಾಫ್ಟ್‌ವೇರಿನ ಕಥೆಯೂ ಇಂಥದೇ: ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವಿಸ್ ಪ್ಯಾಕಿನೊಡನೆ 2008ರಲ್ಲಿ ಹೊಸ ಬೀಗದ ಅರಿವು ಅಂತರ್ಗತವಾಗಿ ಬಂತು, ವಿಂಡೋಸ್ 98ಕ್ಕೆ ಕಾರ್ಡು ಮಾರಿದವರು ಕೊಟ್ಟ ಸಿಡಿಯೇ ಗತಿ. ಆ ಸಿಡಿ ಕಳೆದುಹೋದರೆ ಡ್ರೈವರನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಂಟರ್‌ನೆಟ್ಟಿಗೆ ಹೋಗಲು ಡ್ರೈವರು ಬೇಕು: ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು.

ಒಳಗೆ ಬಿಟ್ಟುಕೊಂಡ ಹಳಬನಿಂದ ಮನೆಯವರಿಗೂ ಕೊಂಚ ತೊಂದರೆಯುಂಟು. ಕಿವಿ ಮಂದವಾದ ಅಜ್ಜನೊಬ್ಬರು ಜಗಲಿಗೆ ಬಂದು ಕುಳಿತರೆ ಉಳಿದವರ ಮಾತೂ ತಾನಾಗಿಯೇ ನಿಧಾನಿಸುವಂತೆ, 802.11ಬಿ ಕಾರ್ಡೊಂದು ಸೇರಿದ ಕೂಡಲೆ ಜಿ ಯಂತ್ರಗಳೆಲ್ಲ, ಪ್ರತಿ ಮಾತಿಗೂ ಮೊದಲು, ಆ ಕಾರ್ಡಿಗೂ ತಿಳಿಯುವ ಹಳೆಯ ಧಾಟಿಯಲ್ಲಿ ಒಂದು ಪೀಠಿಕೆಯನ್ನು ಹೇಳಬೇಕಾಗುತ್ತದೆ. ಈಚಿನ ರೂಟರುಗಳಲ್ಲಿ ಅನೇಕರು ಆ ಹಳೆಯ ವೇಗಗಳನ್ನೇ ನಿಲ್ಲಿಸಿಬಿಡುವುದು ಇದಕ್ಕಾಗಿ.

ನಮ್ಮ ದೇಶದಲ್ಲಿ ಈ ವ್ಯವಹಾರ ತಡವಾಗಿ ಆರಂಭವಾದದ್ದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1933ರ ನಿಸ್ತಂತು ಕಾಯಿದೆಯ ಮೇರೆಗೆ ರೇಡಿಯೋ ಉಪಕರಣವನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹಾಡು ಕೇಳುವ ಪೆಟ್ಟಿಗೆಗೂ ವರ್ಷಂಪ್ರತಿ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬಂದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 2005ರ ಜನವರಿಯಲ್ಲಿ ಭಾರತ ಸರಕಾರವು 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟು ನಿಯಮವನ್ನು ಹೊರಡಿಸಿತು. ಅದೇ ತಿಂಗಳು ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡನ್ನೂ ಆರಂಭಿಸಿತು. ಆಗಿನ ಸರಕಾರಿ ವ್ಯಾಖ್ಯೆಯಂತೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಈ ತೊರೆಗೆ ಹನ್ನೊಂದು ಮೆಗಾಬಿಟ್ಟಿನ ಹಳೆಯ ಕಾರ್ಡು ಬೇಕಾದುದಕ್ಕಿಂತ ನಲವತ್ತು ಪಾಲು ದೊಡ್ಡ ಕಾಲುವೆ. ಹಳೆಯ ಮೇಜುಗಣಕಗಳಿಗೆ ಬೆರಳುದ್ದದ ಯುಎಸ್‌ಬಿ ಅಡಾಪ್ಟರನ್ನೋ ಒಳಗೆ ಸಿಕ್ಕಿಸುವ ಪಿಸಿಐ ಕಾರ್ಡನ್ನೋ ಹುಡುಕುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಆಶ್ರಯವಾಯಿತು.

ಬೀಗ ತೆರೆಯದಿದ್ದಲ್ಲಿ ಬಲ್ಲವರು ಮರಳಿ ಹಿಡಿದದ್ದು ಹವಾಯಿಯ ದಾರಿಯನ್ನು. ಹಳೆಯ ಯಂತ್ರಕ್ಕೆ ಈಥರ್‌ನೆಟ್ ತೂತು ಇದ್ದರೆ ಅದರ ಪಕ್ಕದಲ್ಲಿ ಬ್ರಿಡ್ಜ್ ಎಂಬ ಚಿಕ್ಕ ಪೆಟ್ಟಿಗೆಯನ್ನಿಟ್ಟು, ಗೂಢಲಿಪಿಯ ಭಾರವನ್ನೆಲ್ಲ ಅದಕ್ಕೆ ಹೊರಿಸಿದರಾಯಿತು. ಗಣಕವು ತಾನಿನ್ನೂ ತಂತಿಯ ಲೋಕದಲ್ಲಿಯೇ ಇರುವೆನೆಂದು ನಂಬಿಕೊಂಡಿರುತ್ತದೆ. ಈಥರ್‌ನೆಟ್ಟೂ ಇಲ್ಲದ ಕಮೊಡೋರ್ 64ರಂಥ ವೃದ್ಧರಿಗೆ, 1982ರಲ್ಲಿ ಬಂದ, 64 ಕಿಲೋಬೈಟ್ ನೆನಪಿನ, ಹೆಚ್ಚುಕಡಿಮೆ ಒಂದು ಮೆಗಾಹರ್ಟ್ಸ್ ವೇಗದ ಆ ಯಂತ್ರಕ್ಕೆ, ಇನ್ನೂ ಸ್ವಾರಸ್ಯವಾದ ಏರ್ಪಾಡುಂಟು. ಶಾಂಘೈಯ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ8266 ಎಂಬ ಅಗ್ಗದ ಚಿಪ್ಪು 2014ರಲ್ಲಿ ಹವ್ಯಾಸಿಗಳ ಕೈಗೆ ಸಿಕ್ಕಿದಾಗ, ಅವರು ಅದಕ್ಕೆ ದೂರವಾಣಿ ಮೋಡೆಮ್ಮಿನ ವೇಷ ಹಾಕಿದರು. ಡೆನ್ನಿಸ್ ಹೇಯ್ಸ್ 1981ರ ಸ್ಮಾರ್ಟ್‌ಮೋಡೆಮ್ಮಿಗೆ ಕಲಿಸಿದ್ದ ಆಜ್ಞೆಗಳನ್ನೇ ಹಳೆಯ ಗಣಕವು ಕೊಡುತ್ತದೆ (ಈ ಹೇಯ್ಸರಿಗೂ ವೈ-ಫೈಯ ಹೇಯ್ಸರಿಗೂ ನಂಟಿಲ್ಲ). ಫೋನ್ ಸಂಖ್ಯೆಯಿರಬೇಕಾದಲ್ಲಿ ಜಾಲತಾಣವೊಂದರ ವಿಳಾಸ ಇರುತ್ತದೆ. ಚಿಪ್ಪು ಗುಟ್ಟಾಗಿ ವೈ-ಫೈಗೆ ಪಾಸ್‌ವರ್ಡ್ ಒಪ್ಪಿಸಿ, ಸಂಪರ್ಕ ಸಿಕ್ಕಿತೆಂದು ಹಳೆಯ ಮೋಡೆಮ್ಮಿನ ಮಾತಿನಲ್ಲಿಯೇ ವರದಿ ಕೊಡುತ್ತದೆ. ಆ ಚಿಪ್ಪಿನ ವೇಗ 80 ಮೆಗಾಹರ್ಟ್ಸ್. ಯಜಮಾನನಿಗಿಂತ ಆಳೇ ಎಂಬತ್ತು ಪಟ್ಟು ಚುರುಕು.

ಇಷ್ಟು ಪ್ರಯಾಸ ಯಾರಿಗಾಗಿ, ಎಂದು ಕೇಳುವವರು ನಮ್ಮೂರುಗಳ ಡಿಟಿಪಿ ಅಂಗಡಿಗಳನ್ನು ಹೊಕ್ಕು ನೋಡಬೇಕು. 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರಿನಲ್ಲಿ, ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್ ಪೂರ್ವದ ಅಕ್ಷರಗಳಲ್ಲಿ ಜೋಡಿಸಿದ ಲಗ್ನಪತ್ರಿಕೆ, ಸಂಘದ ಸ್ಮರಣಸಂಚಿಕೆ, ಕವನಸಂಕಲನಗಳು ಎಕ್ಸ್‌ಪಿ ಯಂತ್ರಗಳ ಹೊಟ್ಟೆಯಲ್ಲಿ ಇನ್ನೂ ಕುಳಿತಿವೆ. ಹೊಸ ಗಣಕದಲ್ಲಿ ತೆರೆದರೆ ಕನ್ನಡವಿರಬೇಕಾದಲ್ಲಿ ರೋಮನ್ ಚಿಹ್ನೆಗಳ ಜಾತ್ರೆ ಕಾಣುವುದರಿಂದ ಹಳೆಯ ಯಂತ್ರವನ್ನು ಬಿಡಲಾಗದು. ಅಂಥದಕ್ಕೆ ಹೇಗೋ ವೈ-ಫೈ ಕೂಡಿಸಿಕೊಟ್ಟ ಮೇಲೂ ಬ್ರೌಸರು ಇಂದಿನ ತಾಣಗಳ ಪ್ರಮಾಣಪತ್ರಗಳನ್ನು ಗುರುತಿಸದೆ ನಿಲ್ಲುತ್ತದೆ. ಎಕ್ಸ್‌ಪಿ ಬಲ್ಲ ಕಡತ ಹಂಚಿಕೆಯ ಹಳೆಯ ಪದ್ಧತಿಯನ್ನು 2017ರ ಕೊನೆಯಿಂದೀಚೆಗಿನ ವಿಂಡೋಸ್ 10 ತಾನಾಗಿ ಅಳವಡಿಸಿಕೊಳ್ಳುವುದಿಲ್ಲವಾದ್ದರಿಂದ ಪಕ್ಕದ ಮೇಜಿನ ಗಣಕವೂ ಮುಖ ತಿರುಗಿಸುತ್ತದೆ. ಒಂದೇ ಜಾಲದೊಳಗಿನ ಪ್ರಿಂಟರು ಮಾತ್ರ, ಸರಿಯಾದ ಡ್ರೈವರಿದ್ದಲ್ಲಿ, ಯಾವ ತಗಾದೆಯನ್ನೂ ಮಾಡದೆ ಅಚ್ಚು ಹಾಕಿಕೊಡುತ್ತದೆ; ಕಡತ ಊರಾಚೆಯ ಮುದ್ರಣಾಲಯಕ್ಕೆ ಹೋಗಬೇಕಾದರೆ ಅಂಗಡಿಯವರು ಅದನ್ನು ಪೆನ್‌ಡ್ರೈವಿಗೆ ಹಾಕಿ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ.