ಗಣತಿಯಲ್ಲಿ ಸಿಗದ ಮುತ್ತಜ್ಜ

ಅಜ್ಜನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಮುತ್ತಜ್ಜನ ಹೆಸರು ಕೇಳಿದರೆ ಬಹಳಷ್ಟು ಮಂದಿ ತಡವರಿಸುತ್ತಾರೆ. ಮುತ್ತಜ್ಜಿಯ ಹೆಸರು ಹೇಳುವವರಂತೂ ಅಪರೂಪ. ದಶಕಕ್ಕೊಮ್ಮೆ ಮನೆಮನೆಗೆ ಬಂದು ತಲೆ ಎಣಿಸಿದ ಸರ್ಕಾರದ ಬಳಿ ಈ ಹೆಸರುಗಳು ಇರಬೇಕಲ್ಲವೇ?

ಇಂಗ್ಲೆಂಡಿನಲ್ಲಿ ಇವೆ. ಅಲ್ಲಿ ಗಣತಿ ನಡೆದು ನೂರು ವರ್ಷ ಕಳೆದ ಮೇಲೆ ಮನೆವಾರು ಪಟ್ಟಿಗಳನ್ನು ಜನರಿಗೆ ತೆರೆದಿಡುತ್ತಾರೆ. 1921ರ ಪಟ್ಟಿಗಳು 2022ರಲ್ಲಿ ಬಹಿರಂಗವಾದವು. ನಮ್ಮಲ್ಲಿ ಹಾಗಿಲ್ಲ. ದೇಶದಾದ್ಯಂತ ಏಕಕಾಲಕ್ಕೆ ಗಣತಿ ನಡೆದದ್ದು 1881ರಲ್ಲಿ. ಆದರೆ ಬ್ರಿಟಿಷರ ಕಾಲದ ಮನೆವಾರು ಪಟ್ಟಿಗಳನ್ನು ಲೆಕ್ಕ ಮುಗಿದ ಮೇಲೆ ಕಾಯ್ದಿಡುವ ಪದ್ಧತಿ ಇರಲಿಲ್ಲ. ಸ್ವಾತಂತ್ರ್ಯಾನಂತರದ ಪಟ್ಟಿಗಳನ್ನು 1948ರ ಜನಗಣತಿ ಕಾಯಿದೆಯ 15ನೇ ಕಲಮು ಗೋಪ್ಯವಾಗಿಟ್ಟಿದೆ. ಹೀಗಾಗಿ ಸಾರ್ವಜನಿಕರಿಗೆ ಸಿಗುವುದು ಅಂಕಿ ಮಾತ್ರ, ಹೆಸರಲ್ಲ.

ಆದರೂ ಅಂಕಿಗಳಿಗೆ ಬೆಲೆಯಿದೆ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು ಧಾತು-ಈಶ್ವರ ಸಂವತ್ಸರಗಳ ಭೀಕರ ಬರ. 'ಹಿರಿಯರು ಬರಗಾಲದಲ್ಲಿ ಊರು ಬಿಟ್ಟರಂತೆ' ಎಂಬ ಮನೆಮಾತಿನ ಕಾಲ ಗುರುತಿಸಲು ಇಂಥ ಅಂಕಿ ನೆರವಾಗುತ್ತದೆ. 1951ರಿಂದ ಬಂದ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಗ್ರಾಮವಾರು ವಿವರಗಳೂ ಇವೆ.

ಹೆಸರು ಬೇಕಿದ್ದರೆ ತಾಲ್ಲೂಕು ಕಚೇರಿಗೆ ಹೋಗಬೇಕು. ಜಮೀನಿನ ಒಡೆಯ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುತ್ತದೆ. ಇಂದಿನ ಪಹಣಿಯಲ್ಲಿರುವ ಸರ್ವೆ ನಂಬರು ಹಿಡಿದು ಹಕ್ಕು ಬದಲಾವಣೆಯ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತ ಹೋದರೆ ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ ದಾರಿ ಸಿಗುತ್ತದೆ. ಗೇಣಿದಾರರ ಮನೆತನವಾದರೆ, 1974ರ ಭೂ ಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನು ಹುಡುಕಬಹುದು. ಊರ ಶಾಲೆಯ ದಾಖಲಾತಿ ಪುಸ್ತಕ, ಚರ್ಚಿನ ಜ್ಞಾನಸ್ನಾನದ ದಾಖಲೆ, ಹರಿದ್ವಾರದ ಪಂಡರ ಬಹಿಗಳೂ ಇಂಥವೇ ಆಕರಗಳು.

ಕಾಗದಕ್ಕೂ ಹಿಂದಿನ ದಾಖಲೆಗಾರರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರೂರು ಸುತ್ತಿ, ರೈತರ ಮನೆ ಮುಂದೆ ನಿಂತು ಅವರ ವಂಶಾವಳಿ ಹೇಳಿ, ಕಾಳುಕಡಿ ಪಡೆಯುವುದು ಇವರ ಕುಲಕಸುಬು. ಮೂಲ ಊರು ಯಾವುದು, ಬೆಡಗು ಯಾವುದು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದೆಲ್ಲ ಇವರ ಹೊತ್ತಗೆಯಲ್ಲಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಆಗಾಗ ಸೇರಿಸುತ್ತಾರೆ. ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಈ ಕಸುಬು ಕ್ಷೀಣಿಸುತ್ತಿದೆ.

ಈ ಆಕರಗಳಿಗೆ ಒಂದು ದೊಡ್ಡ ಕೊರತೆಯಿದೆ. ಪಹಣಿ ನೆನಪಿಡುವುದು ನೆಲವಿದ್ದವರನ್ನು. ವಂಶಾವಳಿ ಹೆಚ್ಚಾಗಿ ಗಂಡಸರನ್ನು. ಕೂಲಿ ಮಾಡಿ ಬದುಕಿದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಯಾವ ಪುಸ್ತಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಅವರ ಹೆಸರು ಉಳಿದಿರುವುದು ಮನೆಯ ಹಿರಿಯರ ಬಾಯಲ್ಲಿ ಮಾತ್ರ.

ಆದ್ದರಿಂದ ಹುಡುಕಾಟ ಆರಂಭವಾಗಬೇಕಾದದ್ದು ಕಚೇರಿಯಲ್ಲಲ್ಲ, ಅಜ್ಜಿಯ ಬಳಿ. ಆಕೆಯ ತವರು ಯಾವುದು, ತಾಯಿಯ ಹೆಸರೇನು ಎಂದು ಕೇಳಿ ನೋಟುಪುಸ್ತಕದಲ್ಲಿ ಬರೆದಿಡಬೇಕು. ತಾಲ್ಲೂಕು ಕಚೇರಿಯ ಪುಸ್ತಕವನ್ನು ಮುಂದಿನ ವರ್ಷವೂ ನೋಡಬಹುದು. ಅಜ್ಜಿಯನ್ನು ಕೇಳುವ ಕೆಲಸವನ್ನು ಮುಂದೂಡಲಾಗದು.